ಬೆಚ್ಚಗಿನ ಬಾಗಿಲು

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನಾನು ಮುಂಬಾಗಿಲ ಕದದ ಮೇಲೆ ಅಂಗೈ ಇಡುತ್ತಿದ್ದೆ. ಇಪ್ಪತ್ತೊಂದು ವರ್ಷ ಹಾಗೆ ಇಟ್ಟಿದ್ದೇನೆ. ಕದ ಹೊನ್ನೆ ಮರದ್ದು. ಮಾಗಿಯ ಚಳಿಯಲ್ಲಿ ಹೊರಗಿನ ಗಾಳಿ ಹದಿನೆಂಟು ಡಿಗ್ರಿಗೆ ಇಳಿದಾಗಲೂ ಅದು ಮೂವತ್ತನಾಲ್ಕರ ಆಸುಪಾಸಿನಲ್ಲೇ ಇರುತ್ತಿತ್ತು. ನಿದ್ದೆಯಲ್ಲಿರುವವರ ಹಣೆ ಮುಟ್ಟಿದ ಹಾಗೆ ಅನಿಸುತ್ತಿತ್ತು. ಬೆಚ್ಚಗಿದೆ ಎಂದು ಖಾತ್ರಿಯಾದ ಮೇಲೆ ಒಲೆ ಹಚ್ಚಿ ಕಾಫಿಗೆ ನೀರಿಡುತ್ತಿದ್ದೆ. ಅಕ್ಕ ಎಲ್ಲೋ ಬದುಕಿದ್ದಾಳೆ, ಇನ್ನು ದಿನದ ಕೆಲಸ ನೋಡಬಹುದು.

ನಮ್ಮ ಊರಿನಲ್ಲಿ ತಪ್ಪಾಗಿ ಮಾಡಿದ ವಸ್ತು ಆರುವುದಿಲ್ಲ. ಮಾಡಿದವರು ತಮ್ಮ ಕೈಯಾರೆ ಅದನ್ನು ಸರಿಪಡಿಸುವ ತನಕ ಅದು ಬೆಚ್ಚಗೇ ಇರುತ್ತದೆ. ಬೇರೆಯವರು ಸರಿಮಾಡಿದರೆ ನೋಡುವುದಕ್ಕೆ ಚೆನ್ನಾಗಿ ಕಾಣಬಹುದು, ಕಾವು ಮಾತ್ರ ಹೋಗುವುದಿಲ್ಲ. ಅಂಚೆ ಕಚೇರಿಯ ಮುಂದಿನ ಕಲ್ಲುಕಟ್ಟೆಯನ್ನು ಕಟ್ಟಿದ ಮೇಸ್ತ್ರಿ ಇಳಿಜಾರು ತಪ್ಪಿಸಿ, ನೀರು ನಿಲ್ಲುವ ಹಾಗೆ ಮಾಡಿ, ಸೇತುವೆ ದಾಟಿ ಹೊರಟುಹೋದ. ಆಮೇಲೆ ಮೂವರು ಮೇಸ್ತ್ರಿಗಳು ಆ ಕಲ್ಲುಗಳನ್ನು ಎಬ್ಬಿಸಿ ಮತ್ತೆ ಕೂರಿಸಿದರು. ಈಗ ಅಲ್ಲಿ ಒಂದು ಹನಿ ನೀರು ನಿಲ್ಲುವುದಿಲ್ಲ, ಆದರೂ ಕಟ್ಟೆ ಬೆಚ್ಚಗಿದೆ. ಪೆನ್ಷನ್ನಿನ ಮುದುಕರು ಚಳಿಗಾಲವಿಡೀ ಅಲ್ಲೇ ಕೂತು ಪತ್ರಿಕೆ ಓದುತ್ತಾರೆ. ಒಂದು ಮೂಲೆಯನ್ನು ಮಾತ್ರ ಯಾರೂ ಹಿಡಿಯುವುದಿಲ್ಲ. ಮೇಸ್ತ್ರಿಯ ಹೆಂಡತಿ ಸೊಪ್ಪು ಕೊಳ್ಳಲು ಹೋಗುವಾಗ ಅಲ್ಲಿ ಒಂದು ಗಳಿಗೆ ಕೂತು, ಕಲ್ಲನ್ನು ತಟ್ಟಿ ಎದ್ದು ಹೋಗುತ್ತಾಳೆ. ಮಾಡಿದವರು ಸತ್ತ ದಿನ ವಸ್ತು ತಾನಾಗಿ ಆರುತ್ತದೆ ಎಂಬುದು ಅವಳಿಗೂ ಗೊತ್ತು, ನಮಗೂ ಗೊತ್ತು.

ಆರುವುದಕ್ಕೆ ಇನ್ನೊಂದು ಕಾರಣವೂ ಇದೆ. ಪೇಟೆ ಬೀದಿಯ ಟೈಲರ್ ಫಕೀರಪ್ಪ ಒಬ್ಬ ಹೆಂಗಸಿನ ಮದುವೆಯ ರವಿಕೆಯನ್ನು ಬಿಗಿಯಾಗಿ ಹೊಲಿದುಬಿಟ್ಟಿದ್ದ. ನಾಳೆ ಬಿಚ್ಚಿ ಹೊಲಿದು ಕೊಡುತ್ತೇನೆ ಎಂದು ಏಳು ವರ್ಷ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಒಂದು ಮಧ್ಯಾಹ್ನ ಪೆಟ್ಟಿಗೆ ತೆಗೆದರೆ ರವಿಕೆ ತಣ್ಣಗಾಗಿತ್ತು. ವಿಚಾರಿಸಿದಾಗ ಆ ಹೆಂಗಸು ಬೆಳಿಗ್ಗೆ ತೀರಿಕೊಂಡಿದ್ದಳು. ಯಾರಿಗೆ ತಪ್ಪಿದೆವೋ ಅವರೇ ಇಲ್ಲದ ಮೇಲೆ ಸರಿಪಡಿಸುವುದು ಅಂತ ಏನೂ ಉಳಿಯುವುದಿಲ್ಲವಲ್ಲ. ಫಕೀರಪ್ಪ ಅವತ್ತು ಅಂಗಡಿ ಮುಚ್ಚಿ, ಆ ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕೂತಿದ್ದನ್ನು ನಾನೇ ನೋಡಿದ್ದೇನೆ.

ಹೊಳೆಯ ಸೇತುವೆ ದಾಟಿದರೆ ಇದ್ಯಾವುದೂ ಇಲ್ಲ. ಅಲ್ಲಿ ಸರಿಯಾದದ್ದೂ ತಪ್ಪಾದದ್ದೂ ಒಂದೇ ತಣ್ಣಗೆ.

ನಾನು ಪುರಸಭೆಯಲ್ಲಿ ಕಾವು ಪರಿವೀಕ್ಷಕ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ. ವರ್ಷಕ್ಕೊಮ್ಮೆ ಥರ್ಮಾಮೀಟರ್ ಹಿಡಿದು ಮನೆಮನೆಗೆ ಹೋಗಿ ಗೋಡೆ, ಮೆಟ್ಟಿಲು, ಕಿಟಕಿ, ಬಾವಿಕಟ್ಟೆ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಪ್ರತಿಯೊಂದಕ್ಕೂ ಮೂರು ರೀಡಿಂಗ್ ತೆಗೆದು ಸರಾಸರಿ ಹಾಕುತ್ತೇನೆ. ಊರಿನ ಬೆಕ್ಕುಗಳಿಗೆ ಯಾವ ಮನೆಯಲ್ಲಿ ಏನು ತಪ್ಪಿದೆ ಎಂದು ನನಗಿಂತ ಮೊದಲು ಗೊತ್ತಿರುತ್ತದೆ. ಎಷ್ಟೋ ಸಲ ಅವು ಮಲಗಿದ ಜಾಗ ನೋಡಿಯೇ ನಾನು ಚೀಲ ಬಿಚ್ಚುತ್ತೇನೆ.

ನನ್ನ ರಿಜಿಸ್ಟರಿನ ಕೊನೆಯ ಅಂಕಣಕ್ಕೆ ಒಂದು ರಬ್ಬರ್ ಮೊಹರು ಇದೆ. ಅದರಲ್ಲಿ ‘ರೆಕ್ಟಿಫೈಡ್’ ಎಂದು ಇಂಗ್ಲಿಷಿನಲ್ಲಿ ಕೊರೆದಿದೆ. ಯಾವ ಕಾಲದ್ದೋ, ಪಿಡಿ ಸವೆದಿದೆ. ನನಗೆ ಕೆಲಸ ಕಲಿಸಿದ ಹಳೆಯ ಪರಿವೀಕ್ಷಕ ವಾಮನಯ್ಯನವರು ಆ ಮೊಹರನ್ನು ಕೈಗೆ ಕೊಡುವಾಗ ಆ ಶಬ್ದದ ಅರ್ಥ ಹೇಳಿದ್ದರು. ‘ಕರೆಕ್ಟ್’ ಬೇರೆ, ಅದನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಯಾರ ಪುಸ್ತಕಕ್ಕಾದರೂ ಮಾಡಬಹುದು. ‘ರೆಕ್ಟಿಫೈ’ ಅಂದರೆ ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವುದು, ಅದು ಹೇಗಿರಬೇಕಿತ್ತೋ ಹಾಗೆ ಕೆಲಸಕ್ಕೆ ಬರುವಂತೆ ಮಾಡುವುದು. ತಪ್ಪನ್ನು ರೆಕ್ಟಿಫೈ ಮಾಡಬಹುದು, ಪರಿಸ್ಥಿತಿಯನ್ನು ಮಾಡಬಹುದು; ಮನುಷ್ಯರನ್ನು ಮಾಡಲಿಕ್ಕಾಗುವುದಿಲ್ಲ, ಅದಕ್ಕೇ ಮೊಹರನ್ನು ವಸ್ತುವಿನ ಮುಂದೆ ಒತ್ತು, ಹೆಸರಿನ ಮುಂದೆ ಒತ್ತಬೇಡ ಎಂದರು. ನನಗೆ ಆ ಶಬ್ದ ಕಾಲೇಜಿನಿಂದಲೇ ಪರಿಚಯ. ಪ್ರಯೋಗಶಾಲೆಯಲ್ಲಿ ಹಿಂದೆ ಮುಂದೆ ಓಡಾಡುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸುವ ಉಪಕರಣಕ್ಕೆ ರೆಕ್ಟಿಫೈಯರ್ ಅನ್ನುತ್ತಿದ್ದೆವು. ಪಕ್ಕದ ರಸಾಯನಶಾಸ್ತ್ರದವರ ಬಳಿ ಎರಡೆರಡು ಸಲ ಭಟ್ಟಿ ಇಳಿಸಿ ಶುದ್ಧಮಾಡಿದ ಸ್ಪಿರಿಟ್ಟಿನ ಶೀಸೆಯ ಮೇಲೂ ಅದೇ ಶಬ್ದ. ಎಲ್ಲ ಕಡೆಯೂ ಒಂದು ಮಾತು ಮಾತ್ರ ಸಮ: ಎದುರಿಗೆ ವಸ್ತು ಇರಬೇಕು. ಇಲ್ಲದ್ದನ್ನು ಯಾರೂ ನೆಟ್ಟಗೆ ಮಾಡಲಾರರು.

ಇನ್ನು ಬಾಗಿಲಿನ ವಿಷಯ. ನಮ್ಮದು ಬಡಗಿಗಳ ಮನೆ. ಅಪ್ಪ ಕಾಳಾಚಾರ್ರು ಕೀಸುಳಿ ಹಿಡಿದು ಕೂತರೆ ಅಕ್ಕ ದಾಕ್ಷಾಯಿಣಿ ಮರದ ಹೊಟ್ಟಿನ ರಾಶಿಯಲ್ಲಿ ಕೂತು ನೋಡುತ್ತಿದ್ದಳು. ನಾನು ಹಿತ್ತಿಲಲ್ಲಿ ಕೂತು ಪುಸ್ತಕ ಓದುತ್ತಿದ್ದೆ. ಹೀಗೆ ನೋಡಿ ನೋಡಿಯೇ ಅವಳು ಕೆಲಸ ಕಲಿತಳು. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಅಪ್ಪ ಹೋದರು. ಅಕ್ಕ ಉಪಕರಣಗಳ ಪೆಟ್ಟಿಗೆಯನ್ನು ಮುಚ್ಚಲಿಲ್ಲ. ಮುರಿದ ಮಣೆ, ಮಂಚದ ಕಾಲು, ಲಟ್ಟಣಿಗೆ ಎಂದು ಸಣ್ಣ ಪುಟ್ಟ ಕೆಲಸ ಹಿಡಿದು ನನ್ನ ಓದು ಮುಗಿಸಿದಳು. ಊರಿನವರು ಅವಳಿಗೆ ಬಾಗಿಲು ಮಾತ್ರ ಕೊಡುತ್ತಿರಲಿಲ್ಲ. ಹೆಣ್ಣು ಹುಡುಗಿ, ಬಾಗಿಲು ಅಂದರೆ ಮನೆಯ ಮುಖ, ನೋಡೋಣ ಅನ್ನುತ್ತಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬಡಗಿಯಾದವರು ಸ್ವಂತ ಹೆಸರಿನಲ್ಲಿ ಮೊದಲ ಕದ ನಿಲ್ಲಿಸಿದ ದಿನ ಊರನ್ನು ಕರೆದು ಪಾನಕ ಕೋಸಂಬರಿ ಕೊಡುತ್ತಾರೆ. ಬಂದವರೆಲ್ಲ ಒಬ್ಬೊಬ್ಬರಾಗಿ ಕದ ಮುಟ್ಟಿ ನೋಡುತ್ತಾರೆ. ತಣ್ಣಗಿದ್ದರೆ ಅವತ್ತೇ ನಾಲ್ಕು ಮನೆಯ ಕೆಲಸ ಗೊತ್ತಾಗುತ್ತದೆ. ನಮ್ಮ ಮುಂಬಾಗಿಲಿಗೆ ಗೆದ್ದಲು ಹಿಡಿದಿದ್ದೇ ನೆಪವಾಗಿ ಅಕ್ಕ ಅಲ್ಲಿಗೇ ತನ್ನ ಮೊದಲ ಕದ ಮಾಡಲು ಹೊರಟಳು. ಮರ ಆರಿಸಿದ್ದು ಅವಳು, ಹಲಗೆ ಸೀಳಿದ್ದು ಅವಳು. ಅಳತೆ ತರುವ ಕೆಲಸ ನನಗೆ ಬಿತ್ತು.

ಅಪ್ಪನ ಅಂಗಡಿಯಲ್ಲಿ ಅಂಕಿ ಬರೆಯುವ ಅಭ್ಯಾಸ ಇರಲಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಬಿದಿರು ಕಡ್ಡಿ. ಚೌಕಟ್ಟಿನ ಒಳಗೆ ಕಡ್ಡಿಯನ್ನು ಅಡ್ಡ ಹಿಡಿದು ಮೇಲೆ ಒಂದು ಕಡೆ, ನಡುವೆ ಒಂದು ಕಡೆ, ಹೊಸ್ತಿಲ ಹತ್ತಿರ ಒಂದು ಕಡೆ ಅಗಲ ನೋಡಿ ಚಾಕುವಿನಿಂದ ಮೂರು ಗುರುತು ಕೊರೆಯುವುದು. ಹಳೆಯ ಚೌಕಟ್ಟು ಯಾವಾಗಲೂ ಎಲ್ಲ ಕಡೆ ಒಂದೇ ಅಗಲ ಇರುವುದಿಲ್ಲ. ಕದ ನಿಂತು, ಆರಿದೆ ಎಂದು ಗೊತ್ತಾದ ಮೇಲೆ ಕಡ್ಡಿಯನ್ನು ಮುರಿದು ಬಚ್ಚಲ ಒಲೆಗೆ ಹಾಕುತ್ತಾರೆ.

ಆ ಬೆಳಿಗ್ಗೆ ನನಗೆ ಪುರಸಭೆಯಲ್ಲಿ ಸಂದರ್ಶನವಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದೆ. ಹೊಸ್ತಿಲ ಹತ್ತಿರ ಮಂಡಿಯೂರಿದರೆ ಪ್ಯಾಂಟಿಗೆ ಧೂಳು. ಮೇಲಿನ ಅಗಲವನ್ನು ಸರಿಯಾಗಿ ಹಿಡಿದೆ. ನಡುವಿನದನ್ನೂ ಕೆಳಗಿನದನ್ನೂ ಕಣ್ಣಿನಲ್ಲೇ ನೋಡಿ, ಒಂದೇ ಇದೆ ಎಂದುಕೊಂಡು, ಮೊದಲ ಗುರುತಿನ ಸಾಲಿನಲ್ಲೇ ಇನ್ನೆರಡು ಗುರುತು ಕೊರೆದೆ. ಒಳಗಿನಿಂದ ಅಕ್ಕ ಕೇಳಿದಳು.

“ಮೂರೂ ಕಡೆ ಹಿಡಿದೆಯೇನೋ ಮೋನ?”

“ಹಿಡಿದೆ ಅಕ್ಕ.”

ಇದನ್ನು ಈಗ ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆದರೆ ಎರಡು ದಶಕ ಇದು ನನ್ನ ನೆನಪಿನಲ್ಲಿ ಇರಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದು ಆ ಕ್ಷಣಕ್ಕೂ ಅನಿಸಿರಲಿಲ್ಲ. ಅನಿಸದೇ ಇದ್ದದ್ದನ್ನು ಮರೆಯುವುದು ಸುಲಭ.

ಕದ ನಿಂತ ದಿನ ಸುಮಾರು ಎಪ್ಪತ್ತು ಜನ ಬಂದಿದ್ದರು. ಕದ ಮೇಲ್ಗಡೆ ಚೌಕಟ್ಟಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತ್ತು. ಕೆಳಕ್ಕೆ ಬಂದ ಹಾಗೆ ಸಂದು ಅಗಲವಾಗುತ್ತಾ ಹೊಸ್ತಿಲ ಹತ್ತಿರ ಒಂದು ಬೆರಳು ತೂರುವಷ್ಟಾಗಿತ್ತು. ಮೊದಲು ಮುಟ್ಟಿದವರು ಊರಿನ ದೊಡ್ಡ ಕಂಟ್ರಾಕ್ಟರ್. ಅಂಗೈ ಇಟ್ಟರು, ಇಟ್ಟಷ್ಟೇ ಮೆಲ್ಲಗೆ ತೆಗೆದರು. “ಪಾನಕ ಚೆನ್ನಾಗಿದೆಯಮ್ಮ” ಅಂದರು. ಆಮೇಲೆ ಮುಟ್ಟಿದವರೆಲ್ಲ ಪಾನಕದ ಬಗ್ಗೆಯೇ ಮಾತಾಡಿದರು.

ಎಲ್ಲರೂ ಹೋದ ಮೇಲೆ ನಾನು, ಹೊಸದಾಗಿ ಕಾವು ಪರಿವೀಕ್ಷಕನಾಗಿ ನೇಮಕವಾಗಿದ್ದವನು, ಥರ್ಮಾಮೀಟರ್ ಹಿಡಿದು ಕದದ ಮೇಲೆ ಕೆಳಗೆ ಓಡಾಡಿಸಿ, ಗರಗಸ ಕೆಳಗಡೆ ದಾರಿ ತಪ್ಪಿದೆ ಅಕ್ಕ ಎಂದು ಹೇಳಿದೆ. ಅವಳು ಕಡ್ಡಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ನಂತರ “ಇರಬಹುದು” ಅಂದಳು. ಅಷ್ಟೇ. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ರಿಜಿಸ್ಟರಿನಲ್ಲಿ ನನ್ನ ಮೊದಲ ದಾಖಲೆಯೇ ಅದು: ಮುಂಬಾಗಿಲು, ಹೊನ್ನೆ, ಮೂವತ್ತನಾಲ್ಕು ಡಿಗ್ರಿ, ಮಾಡಿದವರು ದಾಕ್ಷಾಯಿಣಿ.

ಸರಿಪಡಿಸು ಎಂದು ನಾನು ಹೇಳಿದಾಗಲೆಲ್ಲ ಆಮೇಲೆ ಮಾಡುತ್ತೇನೆ ಅನ್ನುತ್ತಿದ್ದಳು. ಬಾಗಿಲಿನ ಕೆಲಸ ಹೇಳಿಕೊಂಡು ಯಾರೂ ಬರಲಿಲ್ಲ. ಮಣೆ, ಲಟ್ಟಣಿಗೆಯ ಕೆಲಸವೂ ಕಡಿಮೆಯಾಯಿತು. ಎಂಟು ತಿಂಗಳಾದ ಮೇಲೆ ಒಂದು ದಿನ ಅವಳು ಅಪ್ಪನ ಪೆಟ್ಟಿಗೆಯಿಂದ ಗರಗಸ, ಎರಡು ಉಳಿ, ಸಣ್ಣ ಕೀಸುಳಿ ತೆಗೆದುಕೊಂಡು ಸೇತುವೆಯಾಚೆ ಹೊರಟಳು. ಅಲ್ಲಿ ಒಂದು ಮರದ ಡಿಪೋದಲ್ಲಿ ಕೆಲಸ ಸಿಗುತ್ತದಂತೆ, ಅಲ್ಲಿ ಕದ ಬಿಸಿಯಾಗುವುದಿಲ್ಲವಂತೆ, ಮುಚ್ಚಿದರೆ ಸಾಕಂತೆ ಎಂದು ನಗುತ್ತಲೇ ಹೇಳಿದಳು. ನಾನು ಸೇತುವೆಯವರೆಗೆ ಹೋಗಿ ಬಿಟ್ಟು ಬಂದೆ.

ಎರಡು ಕಾಗದ ಬಂದವು. ಎರಡನೆಯದರಲ್ಲಿ ನಿನ್ನ ನೌಕರಿ ಖಾಯಂ ಆಯಿತೇ ಎಂದು ಕೇಳಿದ್ದಳು. ಆಯಿತು ಎಂದು ಬರೆದ ನನ್ನ ಕಾಗದ, ಈ ವಿಳಾಸದಲ್ಲಿ ಇಲ್ಲ ಎಂಬ ಷರಾ ಹೊತ್ತು ವಾಪಸು ಬಂತು. ಹುಡುಕಿಕೊಂಡು ಹೋಗಬೇಕು ಎಂದು ರಜೆಯ ಅರ್ಜಿಯನ್ನೂ ಬರೆದೆ. ಹೊರಡುವ ಬೆಳಿಗ್ಗೆ ಬಾಗಿಲು ಮುಟ್ಟಿದೆ, ಬೆಚ್ಚಗಿತ್ತು. ಬದುಕಿದ್ದಾಳೆ, ಇರಲಿ, ಮುಂದಿನ ತಿಂಗಳು ನೋಡೋಣ ಎಂದುಕೊಂಡೆ. ಆ ಮುಂದಿನ ತಿಂಗಳು ಇಪ್ಪತ್ತೊಂದು ವರ್ಷ ಬರಲೇ ಇಲ್ಲ. ಸಂದಿನಿಂದ ಹಗಲಿನ ಬೆಳಕು ಒಂದು ಉದ್ದನೆಯ ತ್ರಿಕೋನದ ಪಟ್ಟಿಯ ಹಾಗೆ ನೆಲದ ಮೇಲೆ ಬೀಳುತ್ತಿತ್ತು. ಅದನ್ನು ತುಳಿಯದೆ ಓಡಾಡುವುದು ನನಗೆ ರೂಢಿಯಾಯಿತು. ಮದುವೆಯ ಮಾತು ಆಡಲು ಬಂದವರು ಕದ ಮುಟ್ಟಿ ನನ್ನ ಮುಖ ನೋಡಿದರೆ, ಅದು ನಮ್ಮ ಅಕ್ಕನದು ಎಂದು ಹೇಳುತ್ತಿದ್ದೆ. ಮದುವೆ ಹೇಗೋ ಆಗಲಿಲ್ಲ. ಹೆಣ್ಣು ನೋಡುವುದಕ್ಕೂ ಮೂರು ಮೂರು ಸಲ ಹೋಗಿ ಸರಾಸರಿ ತೆಗೀತಾನೆ, ಯಾರು ಕೊಡ್ತಾರೆ ಎಂದು ಪಕ್ಕದ ಮನೆಯ ಗಿರಿಯಮ್ಮ ದೊಡ್ಡಮ್ಮ ಆಡಿಕೊಳ್ಳುತ್ತಿದ್ದಳು.

ಗಿರಿಯಮ್ಮ ದೊಡ್ಡಮ್ಮ ನಲವತ್ತು ವರ್ಷ ಇಡ್ಲಿ ದೋಸೆಯ ಹಿಟ್ಟು ರುಬ್ಬಿ ಮಾರಿದವಳು. ಚಳಿಗಾಲದಲ್ಲಿ ಊರಿನ ಎಲ್ಲರ ಹಿಟ್ಟೂ ಹುಳಿಯಲು ಮುನಿಸಿಕೊಂಡರೆ ಅವಳದು ಮಾತ್ರ ಬೆಳಗಾಗುವಷ್ಟರಲ್ಲಿ ಉಕ್ಕಿರುತ್ತಿತ್ತು. ಅಡುಗೆಮನೆಯ ಬೀರುವಿನಲ್ಲಿ ಬೇರೆಬೇರೆಯವರ ತಪ್ಪುಗಳನ್ನು ಸೇರಿಸಿಟ್ಟಿದ್ದಾಳೆ ಎಂದು ಜನ ತಮಾಷೆ ಮಾಡುತ್ತಿದ್ದರು. ನಿಜವೂ ಇತ್ತು. ಸೀಳಿದ ಒನಕೆ, ಸೊಟ್ಟ ಹಿತ್ತಾಳೆ ಮುಚ್ಚಳ, ಯಾರೋ ಹೆಣೆದು ಕೆಡಿಸಿದ ಚಾಪೆಯ ತುಂಡು, ಎಲ್ಲ ಅದರಲ್ಲಿದ್ದವು. ಅಡುಗೆಮನೆಯ ಒಳಗಿನದಕ್ಕೆ ಪುರಸಭೆಯ ಲೆಕ್ಕವಿಲ್ಲ, ಆದ್ದರಿಂದ ನಾನು ಆ ಬೀರು ನೋಡಿರಲಿಲ್ಲ. ಈ ಮಾಗಿಯಲ್ಲಿ ಅವಳ ಮೊಣಕೈ ಹಿಡಿದುಕೊಂಡು ರುಬ್ಬುವುದು ನಿಂತಿತು. ಬೀರು ಖಾಲಿ ಮಾಡುತ್ತಿದ್ದೇನೆ, ನಿಮ್ಮ ಮನೆಯದೊಂದು ಇದೆ, ಬಂದು ತಗೊಂಡು ಹೋಗು ಎಂದು ಒಂದು ಭಾನುವಾರ ಬೆಳಿಗ್ಗೆ ಕೂಗಿದಳು.

ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಬಿದಿರು ಕಡ್ಡಿ. ಬಿಚ್ಚುವ ಮೊದಲೇ ಬಟ್ಟೆಯ ಮೂಲಕ ಕಾವು ಕೈಗೆ ತಾಗಿತು. ಒಂದು ತುದಿಯಲ್ಲಿ ಮೂರು ಗುರುತು, ಮೂರೂ ಒಂದೇ ಸಾಲಿನಲ್ಲಿ.

ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಪ್ರಯೋಗದ ಪುಸ್ತಕ ತಿದ್ದುವಾಗ ಅಂಕಿಗಳನ್ನು ಓದುವ ಮೊದಲೇ ಯಾರು ಪ್ರಯೋಗ ಮಾಡಿಲ್ಲ ಎಂದು ಹೇಳುತ್ತಿದ್ದರು. ನಿಜವಾಗಿ ಮೂರು ಸಲ ಅಳೆದವನ ಮೂರು ಅಂಕಿ ಯಾವತ್ತೂ ತದ್ರೂಪ ಇರುವುದಿಲ್ಲ, ಎಲ್ಲೋ ಒಂದು ಕೂದಲಿನಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಪೂರ್ತಿ ಒಂದೇ ಇದ್ದರೆ ನಕಲು ಎಂದು. ನಾನು ಇಪ್ಪತ್ತೊಂದು ವರ್ಷ ಅದೇ ಸೂತ್ರದಿಂದ ಊರನ್ನು ಅಳೆದಿದ್ದೇನೆ. ಕಡ್ಡಿಯನ್ನು ನೋಡಿದ ಕೂಡಲೇ ಇಸ್ತ್ರಿ ಮಾಡಿದ ಅಂಗಿ, ಹೊಸ್ತಿಲ ಧೂಳು, ಒಳಗಿನಿಂದ ಬಂದ ಪ್ರಶ್ನೆ ಎಲ್ಲ ಒಟ್ಟಿಗೆ ನೆನಪಾದವು. ಅಕ್ಕನ ಗರಗಸ ದಾರಿ ತಪ್ಪಿರಲಿಲ್ಲ. ನಾನು ಕೊಟ್ಟ ಗುರುತಿಗೆ ಅದು ಒಂದಿಷ್ಟೂ ತಪ್ಪದೆ ಹೋಗಿತ್ತು.

ದೊಡ್ಡಮ್ಮ ನನ್ನ ಮುಖ ನೋಡಿ ಮಣೆ ಸರಿಸಿದಳು. ಕೂತೆ. ಅಕ್ಕ ಹೊರಡುವ ಹಿಂದಿನ ದಿನ ಆ ಕಡ್ಡಿಯನ್ನು ತಂದುಕೊಟ್ಟಳಂತೆ, ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟುಕೊಳ್ಳಿ, ಕಳೆಯಬೇಡಿ ಅಂದಳಂತೆ.

“ನಾನು ಕೇಳಿದೆ ಕಣೋ. ಒಂದು ಪಟ್ಟಿ ಹೊಡೆದು ಆರಿಸಿಬಿಡೇ ದಾಕ್ಷಿ, ಊರು ಬಿಡೋದು ಯಾಕೆ ಅಂತ. ನಾನು ಹೊಡೆದರೆ ಅದು ಆರೋದಿಲ್ಲ ದೊಡ್ಡಮ್ಮ ಅಂದಳು. ಆರದೆ ಹೋದರೆ ಮತ್ಯಾರ ಕೈ ಅಂತ ಜನ ಹುಡುಕ್ತಾರೆ, ಅವನ ನೌಕರಿ ಇನ್ನೂ ಖಾಯಂ ಆಗಿಲ್ಲ ಅಂದಳು.”

ಕಾವು ಪರಿವೀಕ್ಷಕನಾಗುವವನ ಹೆಸರಿನಲ್ಲಿ ಒಂದೂ ಬೆಚ್ಚಗಿನ ವಸ್ತು ಇರಬಾರದು ಎಂಬುದು ನೌಕರಿಯ ಮೊದಲ ಷರತ್ತು. ಅದು ನನಗಿಂತ ಚೆನ್ನಾಗಿ ಅವಳಿಗೆ ನೆನಪಿತ್ತು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದೊಡ್ಡಮ್ಮ ಸೀರೆಯ ತುಂಡನ್ನು ಮಡಿಸಿದಳು. “ನೀನು ದಿನಾ ಬೆಳಿಗ್ಗೆ ಬಾಗಿಲು ಮುಟ್ಟಿ ಒಂದು ನಗೆ ನಗ್ತಿದ್ದೆ. ಆ ಮುಖಕ್ಕೆ ಏನಂತ ಹೇಳಲಿ?”

ಮನೆಗೆ ಬಂದು ಕದದ ಎದುರು ನಿಂತೆ. ಕದದಲ್ಲಿದ್ದ ತಪ್ಪು ನನ್ನದು. ಹಾಗಾದರೆ ಅದರ ಕಾವು ಇಷ್ಟು ವರ್ಷ ಹೇಳುತ್ತಿದ್ದದ್ದು ಒಂದೇ ಸಂಗತಿ, ನಾನು ಬದುಕಿದ್ದೇನೆ ಎಂದು. ಅದನ್ನು ತಿಳಿಯಲು ನನಗೆ ಬಾಗಿಲು ಬೇಕಿರಲಿಲ್ಲ. ಅಕ್ಕನ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ಕದ ತಪ್ಪಿದ್ದು ಮನೆಗೆ, ಅವಳಿಗಲ್ಲ; ಅವಳು ಊರು ಬಿಟ್ಟ ವಾರವೇ ಸತ್ತಿದ್ದರೂ ಕದ ಹೀಗೇ ಇರುತ್ತಿತ್ತು, ನಾನು ಹೀಗೇ ಮುಟ್ಟಿ ಕಾಫಿಗೆ ನೀರಿಡುತ್ತಿದ್ದೆ.

ಅವತ್ತೇ ಸರಿಪಡಿಸಬಹುದಿತ್ತು. ಹತ್ತು ದಿನ ಆಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದೇ ನಿಜ: ಗೊತ್ತಾದ ಮೇಲೂ ಬೆಳಿಗ್ಗೆ ಎದ್ದು ಅಂಗೈ ಇಡುತ್ತಿದ್ದೆ, ಅದು ಬೆಚ್ಚಗಿರುತ್ತಿತ್ತು, ಎದೆಗೆ ಅರೆಗಳಿಗೆ ಸಮಾಧಾನವಾಗುತ್ತಿತ್ತು, ಆಮೇಲೆ ನೆನಪಾಗುತ್ತಿತ್ತು. ಅಕ್ಕನದು ಎಂದು ನನ್ನ ಬಳಿ ಇದ್ದದ್ದು ಇದೊಂದೇ. ಅದನ್ನು ನನ್ನ ಕೈಯಿಂದಲೇ ಆರಿಸಬೇಕಿತ್ತು. ದೊಡ್ಡಮ್ಮ ದಿನಕ್ಕೊಂದು ಸಲ ಗೋಡೆಯ ಮೇಲಿಂದ ಇಣುಕಿ, ಪರಿವೀಕ್ಷಕರೇ, ನಿಮ್ಮ ಮನೆ ಸರ್ವೆ ಯಾವತ್ತು ಎಂದು ಕೇಳುತ್ತಿದ್ದಳು. ಹನ್ನೊಂದನೆಯ ದಿನ ನಾನು ಅಟ್ಟದಿಂದ ಅಪ್ಪನ ಪೆಟ್ಟಿಗೆ ಇಳಿಸಿದೆ.

ಕಡ್ಡಿಯ ಮೇಲಿನ ಹಳೆಯ ಮೂರು ಗುರುತನ್ನು ಹೆರೆದು ತೆಗೆದೆ. ಮೇಲೆ, ನಡುವೆ ಹಿಡಿದು, ಹೊಸ್ತಿಲ ಹತ್ತಿರ ಮಂಡಿಯೂರಿ ಕೆಳಗೂ ಹಿಡಿದು ಹೊಸದಾಗಿ ಕೊರೆದೆ. ಅಭ್ಯಾಸಬಲದಿಂದ ಸ್ಕೇಲೂ ಇಟ್ಟು ನೋಡಿದೆ. ನಡುವೆ ಏಳು ಮಿಲಿಮೀಟರ್ ಹೆಚ್ಚು, ಕೆಳಗೆ ಹತ್ತೊಂಬತ್ತು. ಕದದ ಅಂಚಿಗೆ ಒಂದು ಉದ್ದನೆಯ ಪಟ್ಟಿ ಕೂಡಿಸಬೇಕಿತ್ತು, ಮೇಲ್ತುದಿಯಲ್ಲಿ ಕಾಗದದಷ್ಟು ತೆಳ್ಳಗೆ, ಕೆಳತುದಿಯಲ್ಲಿ ಬೆರಳಗಲ. ಹೇಳಲು ಸುಲಭ. ಬಡಗಿಯ ಮಗನಾದರೂ ನಾನು ಕೀಸುಳಿ ಹಿಡಿದವನಲ್ಲ. ಮೊದಲ ಪಟ್ಟಿ ನಡುವೆ ಬಾಗಿತು. ಎರಡನೆಯದು ತುದಿಯಲ್ಲಿ ಸೀಳಿತು. ಎರಡೂ ಕೈಯಲ್ಲೇ ಬಿಸಿಯೇರಿದವು. ಜಗಲಿಯ ಮೇಲೆ ಕೂತಿದ್ದ ದೊಡ್ಡಮ್ಮ ಅವನ್ನು ಎತ್ತಿಕೊಂಡು ಮಂಡಿಗೆ ಕಟ್ಟಿಕೊಂಡಳು. ಇನ್ನೂ ನಾಲ್ಕು ಕೆಡಿಸು, ಬೆನ್ನಿಗೂ ಬೇಕು ಅಂದಳು. ಐದನೆಯದು ಕೂತಿತು. ಕೂತ ಕೂಡಲೇ ಕೆಟ್ಟವು ನಾಲ್ಕೂ ಆರಿಹೋಗಿ ಅವಳಿಗೆ ಬೇಸರವಾಯಿತು.

ಮಧ್ಯಾಹ್ನ ಎರಡು ಗಂಟೆಗೆ ಕದ ಮುಚ್ಚಿದೆ. ಚೌಕಟ್ಟಿನ ಉದ್ದಕ್ಕೂ ಒಂದು ಮೃದುವಾದ ಧಬ್ ಎಂಬ ಸದ್ದು ಬಂತು. ಆ ಬಾಗಿಲಿನ ಸದ್ದು ಹೇಗಿರುತ್ತದೆ ಎಂದು ನಾನು ಕೇಳಿರಲೇ ಇಲ್ಲ. ಅಕ್ಕ ಮಾಡಿದ ಕದ ಅಷ್ಟು ಚೆನ್ನಾಗಿತ್ತು. ನೆಲದ ಮೇಲಿನ ಬೆಳಕಿನ ಪಟ್ಟಿ ಮಾಯವಾಯಿತು.

ಕಾಲು ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ಬರೆದುಕೊಂಡೆ. ಮೂವತ್ತನಾಲ್ಕು, ಮೂವತ್ತೊಂದು, ಇಪ್ಪತ್ತೆಂಟೂವರೆ, ಇಪ್ಪತ್ತಾರು, ಇಪ್ಪತ್ತನಾಲ್ಕೂವರೆ. ಹೊರಗಿನ ಗಾಳಿಯೂ ಇಪ್ಪತ್ತನಾಲ್ಕೂವರೆ ಇತ್ತು. ಅಂಗೈ ಇಟ್ಟೆ. ಬರೀ ಮರ. ದೊಡ್ಡಮ್ಮನೂ ಎದ್ದು ಬಂದು ಮುಟ್ಟಿದಳು, ಪಾನಕದ ಮಾತು ಆಡಲಿಲ್ಲ. ಎಪ್ಪತ್ತು ಜನ ನಿಂತಿದ್ದ ಜಗಲಿಯಲ್ಲಿ ನಾವಿಬ್ಬರೇ ನಿಂತಿದ್ದೆವು. ಬೆಳಿಗ್ಗೆ ಎದ್ದು ಇನ್ನು ಏನನ್ನು ಮುಟ್ಟಲಿ ಎಂದು ನನಗೆ ತಿಳಿಯಲಿಲ್ಲ.

ಕದ ಆರಿದ ಮೇಲೆ ಕಡ್ಡಿ ಮುರಿಯಬೇಕು. ಅಪ್ಪ ಮಾಡುತ್ತಿದ್ದ ಹಾಗೆ ಅದನ್ನು ಮಂಡಿಗೆ ಅಡ್ಡ ಇಟ್ಟು ಎರಡೂ ತುದಿ ಹಿಡಿದೆ. ಕಾವು ಪ್ಯಾಂಟಿನ ಬಟ್ಟೆ ದಾಟಿ ಮಂಡಿಗೆ ತಾಗಿತು. ಕೆಳಗಿಳಿಸಿ ಥರ್ಮಾಮೀಟರ್ ಇಟ್ಟೆ. ಮೂವತ್ತಾರು. ಮತ್ತೆ ಇಟ್ಟೆ, ಮೂವತ್ತೈದೂವರೆ. ಮೂರನೆಯ ಸಲ ಮೂವತ್ತಾರು. ನಕಲಲ್ಲ.

ಕಡ್ಡಿಯಲ್ಲಿ ಅಳತೆಯ ತಪ್ಪು ಉಳಿದಿರಲಿಲ್ಲ, ಮೂರೂ ಗುರುತು ಸರಿಯಾಗಿದ್ದವು. ಉಳಿದಿದ್ದು ಹಿಡಿದೆ ಅಕ್ಕ ಎಂದು ಹೇಳಿದ ಮಾತು. ಅದನ್ನು ಸರಿಪಡಿಸಬೇಕಾದರೆ ಆ ಮಾತನ್ನು ಕೇಳಿದವಳ ಎದುರಿಗೇ ಹೋಗಬೇಕು. ಅವಳಿಲ್ಲದಿದ್ದರೆ ಕಡ್ಡಿ ಫಕೀರಪ್ಪನ ರವಿಕೆಯ ಹಾಗೆ ಇಷ್ಟು ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಇದನ್ನು ದೊಡ್ಡಮ್ಮನಿಗೆ ವಿವರಿಸಲು ಬಾಯಿ ತೆರೆದೆ. ಅವಳು ಅಷ್ಟರಲ್ಲಿ ಕಡ್ಡಿಯನ್ನು ನನ್ನ ಕೈಯಿಂದ ಕಿತ್ತು ಕೆನ್ನೆಗೆ ಒತ್ತಿಕೊಂಡಿದ್ದಳು.

“ಹಾಗಾದರೆ ಇದ್ದಾಳೆ.”

“ಇದ್ದಾಳೆ ದೊಡ್ಡಮ್ಮ.”

ಮಾರನೆಯ ದಿನ ರಿಜಿಸ್ಟರಿನ ಮೊದಲ ಪುಟ ತೆಗೆದು, ಮುಂಬಾಗಿಲಿನ ಸಾಲಿನಲ್ಲಿ ಮಾಡಿದವರು ಎಂಬಲ್ಲಿ ದಾಕ್ಷಾಯಿಣಿ ಎಂದಿದ್ದನ್ನು ಹೊಡೆದು ಮೌನೇಶ ಎಂದು ಬರೆದೆ. ಕೊನೆಯ ಅಂಕಣದಲ್ಲಿ ಮೊಹರು ಒತ್ತಿದೆ. ಕೆಳಗೆ ಹೊಸ ಸಾಲು ಹಾಕಿದೆ: ಅಳತೆಯ ಕಡ್ಡಿ, ಬಿದಿರು, ಮೂವತ್ತಾರು ಡಿಗ್ರಿ, ಮಾಡಿದವರು ಮೌನೇಶ. ಅದರ ಮುಂದೆ ಮೊಹರಿನ ಜಾಗ ಖಾಲಿ ಬಿಟ್ಟೆ. ರಿಜಿಸ್ಟರು, ಮೊಹರು, ರಜೆಯ ಅರ್ಜಿ ಮೂರನ್ನೂ ಮುಖ್ಯಾಧಿಕಾರಿಗಳ ಮೇಜಿನ ಮೇಲಿಟ್ಟೆ. ಅವರು ಎರಡು ಸಾಲನ್ನೂ ಓದಿ, ಕನ್ನಡಕ ತೆಗೆದು, ಇದರಿಂದ ನಿಮ್ಮ ಕೆಲಸ ಹೋಗುತ್ತದೆ, ಗೊತ್ತೇನ್ರೀ ಎಂದು ಕೇಳಿದರು. ಗೊತ್ತು ಎಂದೆ. ಅಂಚೆ ಕಚೇರಿಯ ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಪೆನ್ಷನ್ನಿನವರಿಗೆಲ್ಲ ಸುದ್ದಿ ಮುಟ್ಟಿತ್ತು. ಪತ್ರಿಕೆಯ ಮೇಲಿಂದ ನನ್ನನ್ನು ನೋಡಿ, ಕೂತ್ಕೊಳ್ಳಿ, ಬೆಚ್ಚಗಿದೆ ಎಂದು ಒಬ್ಬರು ಜಾಗ ಸರಿಸಿದರು. ಬಸ್ಸಿಗೆ ಹೊತ್ತಾಗುತ್ತದೆ ಎಂದೆ.

ಮನೆ ಬಿಡುವಾಗ ಬಾಗಿಲು ಎಳೆದೆ, ತಾನಾಗಿ ಕೂತಿತು. ಬೀಗದ ಕೈಯನ್ನು ದೊಡ್ಡಮ್ಮನಿಗೆ ಕೊಟ್ಟೆ. ದಾಕ್ಷಿ ಸಿಕ್ಕಿದರೆ ಮೊದಲು ಬೈಸಿಕೋ, ಆಮೇಲೆ ಮಾತಾಡು ಅಂದಳು.

ಸೇತುವೆಯ ಮೇಲೆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದೆ. ಆಚೆ ದಡದಲ್ಲಿ ನಮ್ಮ ಊರಿನ ನಿಯಮ ಇಲ್ಲ, ಅಲ್ಲಿಗೆ ಹೋದ ಮೇಲೆ ಕಡ್ಡಿ ನನಗೆ ಏನನ್ನೂ ಹೇಳುವುದಿಲ್ಲ. ಬೆಳಿಗ್ಗೆ ಎದ್ದು ಮುಟ್ಟಿ ತಿಳಿಯುವಂಥದ್ದು ಯಾವುದೂ ಇರುವುದಿಲ್ಲ, ಕೇಳುತ್ತಾ ಹೋಗಬೇಕು. ನಡುಸೇತುವೆಯಲ್ಲಿ ನಿಂತು ಕೊನೆಯ ರೀಡಿಂಗ್ ತೆಗೆದೆ. ಮೂವತ್ತೈದೂವರೆ. ಇನ್ನೆರಡು ತೆಗೆಯದೆ ಥರ್ಮಾಮೀಟರನ್ನು ಡಬ್ಬಿಗೆ ಹಾಕಿದೆ. ಕೊನೆಯ ಕಂಬ ದಾಟುತ್ತಿದ್ದಂತೆ ಬಿದಿರು ಕೈಯಲ್ಲಿ ತಣ್ಣಗಾಯಿತು. ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟು ಇನ್ನೊಮ್ಮೆ ನೋಡೋಣ ಎಂದು ಬಹಳ ಅನಿಸಿತು, ಇಡಲಿಲ್ಲ.

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಕಡ್ಡಿ ನೋಡಿ, ಏನ್ ಸಾರ್, ಇದಕ್ಕೂ ಸೀಟು ಬೇಕಾ ಎಂದು ನಕ್ಕ. ಮರದ ಡಿಪೋ ಇರುವ ಊರಿಗೆ ಒಂದು ಟಿಕೆಟ್ ಕೇಳಿದೆ. ಅಲ್ಲಿ ಯಾರ ಹತ್ತಿರ ಎಂದು ಅವನು ಸುಮ್ಮನೆ ಮಾತಿಗೆ ಕೇಳಿದ.

“ನಮ್ಮ ಅಕ್ಕನ ಹತ್ತಿರ,” ಎಂದೆ. “ಒಂದು ಬಾಗಿಲಿನ ಅಳತೆ ಕೇಳಿದ್ದಳು.”